ಭಾನುವಾರದ ಕಾಲು ಪರೇಡ್

2017ರ ಜನವರಿಯ ಎರಡನೇ ವಾರ ನಮ್ಮ ಪಿ.ಟಿ. ಮಿಸ್‌ ಅವರ ಎಡಗಾಲಿನ ಹೆಬ್ಬೆರಳನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಆ ಬೆರಳಿನ ಉಗುರಿನಲ್ಲಿ ಬುಡದಿಂದ ತುದಿಯವರೆಗೆ ಒಂದು ಕಪ್ಪು ಗೆರೆ ಒಂದೂವರೆ ವರ್ಷದಿಂದ ಇತ್ತು. ಮೊದಲು ಪೆನ್ಸಿಲ್ಲಿನಲ್ಲಿ ಎಳೆದಷ್ಟು ತೆಳ್ಳಗಿತ್ತು. ಆಮೇಲೆ ಅಕ್ಕಿಕಾಳಿನಷ್ಟು ಅಗಲವಾಯಿತು. ಕೊನೆಗೆ ಅರ್ಧ ಉಗುರನ್ನೇ ತುಂಬಿತು. ಅದನ್ನು ಅವರು ದಿನವೂ ನೋಡುತ್ತಿದ್ದರು. ಅವರ ಮನೆಯಲ್ಲಿ, ಅವರು ಕಾಲು ತೊಳೆದು ಬರುವಾಗ, ನಾನೂ ಒಂದೆರಡು ಸಲ ನೋಡಿದ್ದೆ. ಓಡುವವರಿಗೆ ಬರುವ ಕಪ್ಪು ಉಗುರು ಎಂದು ಇಬ್ಬರೂ ತಿಳಿದಿದ್ದೆವು. ಇಬ್ಬರ ತಿಳಿವಳಿಕೆಯೂ ತಪ್ಪಾಗಿತ್ತು.

ಮಿಸ್‌ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿಯಾಗಿದ್ದು 2008ರಲ್ಲಿ ನಿವೃತ್ತರಾದವರು. ಯಲಹಂಕದ ಹಳೇ ಊರಿನ ಮನೆತನ. ತಂದೆಗೆ ದ್ರಾಕ್ಷಿ ತೋಟವಿತ್ತಂತೆ. ಆ ತೋಟವಿದ್ದ ಜಾಗದಲ್ಲಿ ಈಗ ಒಂದು ಕಲ್ಯಾಣಮಂಟಪವಿದೆ. ಮದುವೆಯಾಗಿರಲಿಲ್ಲ. ತಮ್ಮನ ಮನೆಯ ಮಹಡಿಯ ಮೇಲೆ ಒಂದು ಕೋಣೆ, ಒಂದು ಅಡುಗೆಮನೆ. ಬಡಾವಣೆಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಸೊಪ್ಪಿನ ಗಾಡಿಯವನಿಗೂ ಅವರು ಮಿಸ್, ಬ್ಯಾಂಕಿನ ಮ್ಯಾನೇಜರಿಗೂ ಮಿಸ್. ಸೀರೆಯನ್ನು ಎಲ್ಲರಿಗಿಂತ ನಾಲ್ಕು ಬೆರಳು ಮೇಲಕ್ಕೆ ಉಡುತ್ತಿದ್ದರು. ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ಕುತ್ತಿಗೆಯಲ್ಲಿ ಕಪ್ಪು ದಾರಕ್ಕೆ ಕಟ್ಟಿದ ವಿಶಲ್ಲು. ಹಾಲಿನ ಬೂತಿಗೆ ಹೋಗುವಾಗಲೂ ಅದು ಇರುತ್ತಿತ್ತು. ಯಾಕೆ ಎಂದು ಒಮ್ಮೆ ಕೇಳಿದ್ದೆ.

"ಮೂವತ್ತು ವರ್ಷ ಹಾಕ್ಕೊಂಡಿದೀನಿ. ತೆಗೆದ್ರೆ ತಲೆ ಎಲ್ಲೋ ಬಿಟ್ಟುಬಂದ ಹಾಗಾಗತ್ತೆ" ಎಂದಿದ್ದರು.

ನಾನು ಯಲಹಂಕ ನ್ಯೂ ಟೌನಿಗೆ ಮನೆ ಬದಲಿಸಿದ್ದು 2010ರಲ್ಲಿ. ಕನ್ನಡ ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕಿ. ಬೆನ್ನುನೋವಿಗೆ ಡಾಕ್ಟರು ನಡೆಯಲು ಹೇಳಿದ್ದರು. ನಾನು ಪಾರ್ಕಿನವರೆಗೆ ನಡೆದು, ಅಲ್ಲಿ ಬೆಂಚಿನ ಮೇಲೆ ಕೂರುತ್ತಿದ್ದೆ. ಮೂರನೇ ದಿನವೋ ನಾಲ್ಕನೇ ದಿನವೋ ಮಿಸ್ ಎದುರಿಗೆ ಬಂದು ನಿಂತರು.

"ಏನ್ ಕೆಲಸ ಮಾಡ್ತೀಯಮ್ಮಾ?"

"ಪೇಪರ್‌ನಲ್ಲಿ ಇದೀನಿ, ಮಿಸ್."

"ಕೂತ್ಕೊಂಡು ಮಾಡೋ ಕೆಲಸಾನಾ?"

"ಹೌದು. ಎಂಟು ಗಂಟೆ."

"ಅಲ್ಲಿ ಎಂಟು ಗಂಟೆ ಕೂತು, ಇಲ್ಲಿ ಬಂದೂ ಬೆಂಚ್ ಹಿಡಿದಿದೀಯಲ್ಲ, ಈ ಬೆಂಚಿಗಾದ್ರೂ ಬೇಜಾರಾಗಲ್ವಾ? ಏಳು."

ಎದ್ದೆ. ಅಂದಿನಿಂದ ಅವರ ಬಾಯಲ್ಲಿ ನನ್ನ ಹೆಸರು ‘ಪೇಪರ್’ ಎಂದಾಯಿತು. ಆಗ ಅವರ ಜೊತೆ ನಡೆಯುತ್ತಿದ್ದವರು ಐದು ಜನ ಹೆಂಗಸರು. ಮುಂದಿನ ಐದಾರು ವರ್ಷಗಳಲ್ಲಿ ಅದು ಹತ್ತೊಂಬತ್ತಾಯಿತು. ನಡಿಗೆ ಓಟವಾಯಿತು. ಬೆಳಿಗ್ಗೆ ಆರೂಕಾಲಕ್ಕೆ ಪಾರ್ಕಿನ ಗೇಟಿನಲ್ಲಿ ವಿಶಲ್. ಅಲ್ಲಿಂದ ಕೆರೆ ಏರಿಯ ಮೇಲೆ ಎರಡು ಸುತ್ತು. ತಿಂಗಳಿಗೊಂದು ಭಾನುವಾರ ಬಸ್ಸಿನಲ್ಲಿ ಹೆಸರಘಟ್ಟದ ಹುಲ್ಲುಗಾವಲಿಗೆ. ಅಲ್ಲಿ ಹತ್ತು ಗಂಟೆಯ ಬಿಸಿಲಿನವರೆಗೂ ಓಡಿಸುತ್ತಿದ್ದರು.

ಹೆಂಗಸರನ್ನು ಮನೆಯಿಂದ ಹೊರಡಿಸುವುದು ಸುಲಭವಿರಲಿಲ್ಲ. ಪ್ರತಿ ಮನೆಯಲ್ಲೂ ಒಂದೇ ತಕರಾರು: ಬಿಸಿಲಿಗೆ ಕಪ್ಪಾಗುತ್ತಾರೆ. ಮಿಸ್ ಅದಕ್ಕೆ ಕೊಡುತ್ತಿದ್ದ ಉತ್ತರವೂ ಒಂದೇ. "ಆದ್ರೆ ಆಗ್ಲಿ. ನಾವೇನು ಸೀರೆ ಅಂಗಡಿ ಬೊಂಬೆಗಳಾ?"

ಈ ತಕರಾರನ್ನು ಗಟ್ಟಿಯಾಗಿ ಹೇಳುತ್ತಿದ್ದವರು ಮೂರನೇ ಕ್ರಾಸಿನ ಮೂಲೆಯಲ್ಲಿ ಕಾಂಡಿಮೆಂಟ್ಸ್ ಅಂಗಡಿ ಇಟ್ಟಿದ್ದ ಹಿರಿಯ ಹೆಂಗಸು. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟಿನ ಡಬ್ಬಗಳ ಹಿಂದೆ ಎತ್ತರದ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ನಾವು ಅವರನ್ನು ಕಾಂಡಿಮೆಂಟ್ಸ್ ಅಮ್ಮ ಎನ್ನುತ್ತಿದ್ದೆವು. ಅವರ ಸೊಸೆ ಸುಧಾ ಅಂಗಡಿಯ ಹಿಂಭಾಗದಲ್ಲಿ ಕರಿಯುವ ಕೆಲಸ ನೋಡಿಕೊಳ್ಳುತ್ತಿದ್ದಳು. ಎರಡನೇ ಹೆರಿಗೆಯಾದ ಮೇಲೆ ಅವಳಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಮಿಸ್ ಅವಳನ್ನು ಕರೆದೊಯ್ಯಲು ಬಂದ ದಿನ ನಾನೂ ಜೊತೆಗಿದ್ದೆ.

"ನಮ್ಮುಡುಗಿ ಬೆಳ್ಳಗವ್ಳೆ ಮಿಸ್ಸೇ. ನಿಮ್ ಜೊತೆ ಕಳಿಸಿದ್ರೆ ಬಾಂಡ್ಲಿ ತಳ ಆಗ್ತಾಳೆ."

"ನಿಮ್ಮ ಬಾಂಡ್ಲಿ ಮುಂದೆ ಕೂತ್ರೂ ಆಗ್ತಾಳೆ ಕಣ್ರೀ. ಓಡಿದ್ರೆ ಸಕ್ಕರೆನಾದ್ರೂ ಇಳಿಯತ್ತೆ."

"ಅವ್ಳು ಓಡೋಕ್ ಓದ್ರೆ ನಿಪ್ಪಟ್ಟು ನೀವ್ ಕರೀತೀರಾ?"

"ಆರೂಕಾಲಿಗೆ ಯಾರ್ ರೀ ನಿಪ್ಪಟ್ಟು ತಿಂತಾರೆ?"

ಅಮ್ಮ ನಕ್ಕುಬಿಟ್ಟರು. ಸುಧಾ ಮರುದಿನ ಬಂದಳು. ವರ್ಷದೊಳಗೆ ಅವಳ ಮಾತ್ರೆ ಅರ್ಧಕ್ಕೆ ಇಳಿಯಿತು. ಅಮ್ಮ ಅದನ್ನು ಒಪ್ಪಿಕೊಂಡರು, ಆದರೆ ಬಣ್ಣದ ವಿಷಯದಲ್ಲಿ ರಾಜಿಯಾಗಲಿಲ್ಲ. ಮಿಸ್ ಅಂಗಡಿಯ ಮುಂದೆ ಹಾದುಹೋದಾಗಲೆಲ್ಲ ಸೊಸೆಯ ತೋಳು ಹಿಡಿದು, "ನೋಡ್ಕಳಿ, ನಿಮ್ಮ ಕೈಕೆಲಸ" ಎಂದು ತೋರಿಸುತ್ತಿದ್ದರು.

ಮಿಸ್ ನಮ್ಮಲ್ಲಿ ತಂದ ಒಂದು ಪದ್ಧತಿ ಬೇರೆಲ್ಲೂ ನಾನು ನೋಡಿಲ್ಲ. ಪ್ರತಿ ಭಾನುವಾರ ಓಟ ಮುಗಿದ ಮೇಲೆ ಪಾರ್ಕಿನ ಹೊಂಗೆಮರದ ಕಟ್ಟೆಯ ಮೇಲೆ ಎಲ್ಲರೂ ಸಾಲಾಗಿ ಕೂತು, ಶೂ, ಕಾಲುಚೀಲ ಕಳಚಿ, ಕಾಲು ಮುಂದಕ್ಕೆ ಚಾಚಬೇಕು. ಅದಕ್ಕೆ ಕಾಲು ಪರೇಡ್ ಎಂದು ಹೆಸರು. ಮಿಸ್ ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಕನ್ನಡಕ ಏರಿಸಿ, ಸ್ಟೂಲನ್ನು ಒಬ್ಬೊಬ್ಬರ ಎದುರಿಗೆ ಎಳೆದುಕೊಳ್ಳುತ್ತ ಬರುತ್ತಿದ್ದರು. ಬೆರಳ ಸಂದು, ಹಿಮ್ಮಡಿ, ಅಂಗಾಲು, ಉಗುರು. ಬೊಬ್ಬೆ ಇದ್ದರೆ ಹತ್ತಿ, ಒಡಕಿದ್ದರೆ ಕೊಬ್ಬರಿ ಎಣ್ಣೆ, ಆಣಿ ಇದ್ದರೆ ಬೈಗುಳ. ಮೊದಮೊದಲು ಎಲ್ಲರಿಗೂ ಸಂಕೋಚ. ವಯಸ್ಸಿನಲ್ಲಿ ಹಿರಿಯರು, ಮೇಲಾಗಿ ಟೀಚರು, ನಮ್ಮ ಕಾಲು ಮುಟ್ಟುವುದೇ? ಯಾರೋ ಒಬ್ಬರು ಕಾಲು ಹಿಂದಕ್ಕೆ ಎಳೆದುಕೊಂಡಾಗ ಮಿಸ್ ಪಾದದ ಮೇಲೆ ಪಟ್ಟನೆ ಹೊಡೆದರು.

"ನಮ್ಮ ಸ್ಕೂಲಲ್ಲಿ ಒಬ್ಬಳು ಹುಡುಗಿ ಅಂಗಾಲಿಗೆ ಗಾಜು ಚುಚ್ಚಿದ್ದನ್ನ ಮುಚ್ಚಿಟ್ಟು ರೇಸಿಗೆ ನಿಂತ್ಲು. ಕೇಳಿದೆ, ಚೆನ್ನಾಗಿದೀನಿ ಮಿಸ್ ಅಂದ್ಲು. ಆಮೇಲೆ ಆರು ತಿಂಗಳು ಮಂಚ ಹಿಡಿದ್ಲು. ಅವತ್ತಿಂದ ನಾನು ಯಾರ ಬಾಯನ್ನೂ ಕೇಳಲ್ಲ, ಕಾಲನ್ನೇ ಕೇಳೋದು. ಚಾಚು."

ಪರೇಡಿನ ಉದ್ದಕ್ಕೂ ಮಿಸ್‌ ಕಾಲಲ್ಲಿ ಶೂ ಇರುತ್ತಿತ್ತು. ಅದರಲ್ಲಿ ವಿಶೇಷವೇನಿದೆ ಎಂದು ನಮಗೆ ಅನ್ನಿಸಿರಲಿಲ್ಲ.

2014ರಲ್ಲಿ ನಮ್ಮ ಗುಂಪು ಮೊದಲ ಸಲ ಹತ್ತು ಕಿಲೋಮೀಟರ್ ಓಟದ ಸ್ಪರ್ಧೆಗೆ ಹೋಯಿತು. ಮುಂದಿನ ಭಾನುವಾರ ಸುಧಾಳ ಕಾಲಿನ ಎರಡನೇ ಬೆರಳ ಉಗುರು ಪೂರ್ತಿ ಕಪ್ಪಗಿತ್ತು. ಅವಳು ಹೆದರಿದ್ದಳು. ಮಿಸ್ ಆ ಕಾಲನ್ನು ಎತ್ತಿ ಎಲ್ಲರಿಗೂ ತೋರಿಸಿದರು.

"ಶೂ ತುದಿಗೆ ಬಡಿದು ಒಳಗೆ ರಕ್ತ ನಿಂತಿದೆ, ಅಷ್ಟೆ. ಆರೇಳು ತಿಂಗಳಲ್ಲಿ ಉಗುರಿನ ಜೊತೆ ಬೆಳೆದು ತಾನೇ ಹೋಗತ್ತೆ. ಇದು ಓಡಿದವರಿಗೆ ಮಾತ್ರ ಸಿಗೋ ಪದಕ ಕಣೇ!"

ಅವರು ಹೇಳಿದ ಹಾಗೆಯೇ ಅದು ಹೋಯಿತು. ಆದರೆ ಆ ಮಾತು ಗುಂಪಿನಲ್ಲಿ ಉಳಿಯಿತು. ಕಪ್ಪು ಉಗುರು ಬಂದವರು ಹೆಮ್ಮೆಯಿಂದ ತೋರಿಸುತ್ತಿದ್ದರು. ಒಬ್ಬರು ಒಂಬತ್ತು ಬೆರಳಿಗೆ ಕೆಂಪು ಬಣ್ಣ ಹಚ್ಚಿ, ಕಪ್ಪಾದ ಉಗುರನ್ನು ಮಾತ್ರ ಹಾಗೇ ಬಿಟ್ಟಿದ್ದರು. 2015ರ ಮಳೆಗಾಲದಲ್ಲಿ ಮಿಸ್‌ ಅವರ ಹೆಬ್ಬೆರಳಲ್ಲಿ ಗೆರೆ ಕಾಣಿಸಿಕೊಂಡಾಗ ಅವರೂ ನಾನೂ ಅದನ್ನು ಪದಕದ ಲೆಕ್ಕಕ್ಕೆ ಸೇರಿಸಿದ್ದು ಹೀಗೆ.

ಮರುವರ್ಷ, 2016ರಲ್ಲಿ, ಸುದ್ದಿಸಂಸ್ಥೆಯೊಂದರಿಂದ ನಮ್ಮ ಆರೋಗ್ಯ ಪುಟಕ್ಕೆ ಒಂದು ವರದಿ ಬಂತು. ಹೊರದೇಶದ ಸಂಶೋಧಕರು ಬಹಳಷ್ಟು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದ್ದರು. ವ್ಯಾಯಾಮ ಹೆಚ್ಚು ಮಾಡುವವರಲ್ಲಿ ಹಲವು ಬಗೆಯ ಕ್ಯಾನ್ಸರ್ ಕಡಿಮೆ ಕಂಡುಬಂದಿತ್ತು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಮಾತ್ರ ಅವರಲ್ಲೇ ಹೆಚ್ಚಿತ್ತು. ಹೊರಗೆ ಬಿಸಿಲಿನಲ್ಲಿ ಹೆಚ್ಚು ಹೊತ್ತು ಇರುವುದು ಕಾರಣವಿರಬಹುದು ಎಂದು ಅವರು ಊಹಿಸಿದ್ದರು. ವರದಿಯನ್ನು ಕನ್ನಡಕ್ಕೆ ತಂದವಳು ನಾನು. ನಮ್ಮ ಓದುಗರಿಗೆ ಇದು ಎಷ್ಟು ಅನ್ವಯಿಸುತ್ತದೆ ಎಂದು ತಿಳಿಯಲು ಹೆಬ್ಬಾಳದ ಕಡೆಯ ಒಬ್ಬ ಚರ್ಮವೈದ್ಯೆಗೆ ಫೋನ್ ಮಾಡಿದೆ. ಅವರು ಹೇಳಿದ್ದನ್ನು ಕೊನೆಯ ಪ್ಯಾರಾದಲ್ಲಿ ಐದು ಸಾಲು ಬರೆದೆ. ಬಿಳಿ ಚರ್ಮದವರಿಗೆ ಹೋಲಿಸಿದರೆ ನಮ್ಮವರಲ್ಲಿ ಈ ಕಾಯಿಲೆ ಬಹಳ ಅಪರೂಪ. ಬಂದರೆ ಬಿಸಿಲು ಬೀಳುವ ಜಾಗದಲ್ಲೇ ಬರಬೇಕೆಂದಿಲ್ಲ. ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುವುದು ಹೆಚ್ಚು. ಉಗುರಿನಲ್ಲಿ ಹೊಸದಾಗಿ ಬಂದ ಕಪ್ಪು ಗುರುತು ಉಗುರು ಬೆಳೆದಂತೆ ಮುಂದೆ ಸರಿದು ಹೋಗದಿದ್ದರೆ, ಅಗಲವಾಗುತ್ತ ಬಂದರೆ, ವೈದ್ಯರಿಗೆ ತೋರಿಸಬೇಕು.

ಅಂದು ಮಧ್ಯಾಹ್ನ ಪುಟ ಮುಗಿಯುವ ಹೊತ್ತಿಗೆ ಒಂದು ಸೀರೆ ಅಂಗಡಿಯ ಜಾಹೀರಾತು ಬಂತು. ಐದು ಸಾಲು ಹೆಚ್ಚಾಯಿತು. ಜಾಗ ಸಾಲದಿದ್ದರೆ ಸುದ್ದಿಯನ್ನು ಕೆಳಗಿನಿಂದ ಕತ್ತರಿಸಬೇಕು ಎನ್ನುವುದು ನಮ್ಮ ಕೆಲಸದ ಮೊದಲ ಪಾಠ. ಮುಖ್ಯವಾದದ್ದು ಮೇಲೇ ಇರುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ನಾನು ಕೊನೆಯ ಪ್ಯಾರಾ ತೆಗೆದೆ. ಮಿಸ್‌ ಅವರ ಉಗುರು ಆಗ ನನಗೆ ನೆನಪಾಗಲೇ ಇಲ್ಲ; ಅದು ಪದಕದ ಲೆಕ್ಕದಲ್ಲಿತ್ತು.

ಭಾನುವಾರ ಪಾರ್ಕಿಗೆ ಹೋದಾಗ ಆ ಸುದ್ದಿಯ ತುಣುಕು ಲ್ಯಾಮಿನೇಟ್ ಆಗಿ ಹೊಂಗೆಮರಕ್ಕೆ ನೇತಾಡುತ್ತಿತ್ತು. ಮಿಸ್ ಅದನ್ನು ಗಟ್ಟಿಯಾಗಿ ಓದಿಸಿದರು.

"ನಮ್ಮ ಪೇಪರ್ ಬರೆದಿರೋದು. ಓಡಿದ್ರೆ ಎಷ್ಟೊಂದು ಕಾಯಿಲೆ ದೂರ ನೋಡಿ. ಚರ್ಮದ್ದು ಒಂದಕ್ಕೆ ಬಿಸಿಲಿನ ಎಚ್ಚರ ಬೇಕು. ನಾಳೆಯಿಂದ ಟೋಪಿ, ತುಂಬುತೋಳು. ಇಲ್ದಿದ್ರೆ ಸಾಲಿಗೆ ಸೇರಿಸಲ್ಲ."

ಹತ್ತೊಂಬತ್ತು ಹೆಂಗಸರು ಗಂಡಂದಿರ ಹಳೆಯ ಶರ್ಟು ತೊಟ್ಟು ಕೆರೆ ಏರಿಯ ಮೇಲೆ ಓಡತೊಡಗಿದರು. ವಾಕಿಂಗ್ ಬರುತ್ತಿದ್ದ ಒಬ್ಬ ಹಿರಿಯರು ತಮಾಷೆ ಮಾಡಿದರು: "ಏನ್ ಮಿಸ್, ಆಫೀಸ್ ಗಂಡಸ್ರೆಲ್ಲ ಕೆಲಸ ಬಿಟ್ಟು ಓಡಿಹೋಗ್ತಿರೋ ಹಾಗಿದೆ!" ಹೆಸರಘಟ್ಟಕ್ಕೆ ಹೋಗುವ ಹೊತ್ತನ್ನೂ ಮಿಸ್ ಬದಲಿಸಿದರು, ಎಂಟು ಗಂಟೆಯೊಳಗೆ ಓಟ ಮುಗಿಯಬೇಕು. ಕಾಂಡಿಮೆಂಟ್ಸ್ ಅಮ್ಮನಿಗೂ ಒಂದು ಜೆರಾಕ್ಸ್ ಹೋಯಿತು. ಸೊಸೆಗೆ ಟೋಪಿ ಬಂದದ್ದು ಅವರಿಗೆ ಸಮಾಧಾನ ತಂದಿತ್ತು. ಜೆರಾಕ್ಸನ್ನು ಅಂಗಡಿಯ ಗೋಡೆಗೆ, ದೇವರ ಪಟದ ಪಕ್ಕ ಅಂಟಿಸಿದ್ದರು.

2016ರ ಡಿಸೆಂಬರಿನ ಒಂದು ಭಾನುವಾರ ಹೆಸರಘಟ್ಟದಲ್ಲಿದ್ದೆವು. ಓಟ ಮುಗಿದು, ಹುಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದೆವು. ಮಿಸ್ ಅಂದು ಕುಂಟುತ್ತಿದ್ದರು. ಸಾಲಿನ ಮಧ್ಯಕ್ಕೆ ಬರುವಷ್ಟರಲ್ಲಿ ಸುಧಾ ಅವರ ಎಡಗಾಲು ತೋರಿಸಿದಳು.

"ಮಿಸ್, ನಿಮ್ಮ ಶೂ ತುದಿ ಕೆಂಪಗಿದೆ."

"ಪದಕ ಒಡೀತು ಅನ್ಸತ್ತೆ. ನಿನ್ನ ಕಾಲು ಚಾಚು."

"ಬಿಚ್ಚಿ ಮಿಸ್, ನೋಡೋಣ."

"ನನ್ನದೇನು ನೋಡ್ತೀಯೇ? ಅರವತ್ತಾರು ವರ್ಷದ ಕಾಲು."

ಸುಧಾ ಕೇಳಲಿಲ್ಲ. ಮಿಸ್ ಯಾವಾಗಲೂ ಮಾಡುವಂತೆ ಪಾದದ ಮೇಲೆ ಪಟ್ಟನೆ ಒಂದು ಏಟು ಕೊಟ್ಟು, ಶೂ ಕಳಚಿದಳು. ಉಗುರು ಎರಡಾಗಿ ಸೀಳಿತ್ತು. ಕಪ್ಪು ಬಣ್ಣ ಉಗುರನ್ನು ದಾಟಿ ಸುತ್ತಲಿನ ಚರ್ಮಕ್ಕೂ ಇಳಿದಿತ್ತು. ನಾನು ಕತ್ತರಿಸಿದ ಐದು ಸಾಲು ನನಗೆ ಅಕ್ಷರಶಃ ನೆನಪಿತ್ತು.

"ಎಷ್ಟು ದಿನದಿಂದ ಹೀಗಿದೆ ಮಿಸ್?"

"ಹೋದ ವರ್ಷ ಮಳೆಗಾಲದಿಂದ."

"ಬೆಳೆದು ಹೋಗಲಿಲ್ವಾ?"

"ಹೋಗತ್ತೆ ಬಿಡೇ."

ವಾಪಸು ಬರುವ ಬಸ್ಸಿನಿಂದಲೇ ಆ ಚರ್ಮವೈದ್ಯೆಗೆ ಫೋನ್ ಮಾಡಿದೆ. ಮರುದಿನ ಬೆಳಿಗ್ಗೆ ಮಿಸ್‌ ಅವರನ್ನು ಕರೆದುಕೊಂಡು ಹೋದೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಎರಡು ವಾರದೊಳಗೆ ಫಲಿತಾಂಶ ಬಂತು. ಮೆಲನೋಮಾ. ಮುಂದಿನ ಪರೀಕ್ಷೆಯಲ್ಲಿ ತೊಡೆಸಂದಿನ ಒಂದು ದುಗ್ಧಗ್ರಂಥಿಗೂ ಹರಡಿರುವುದು ಕಂಡಿತು.

ಮಿಸ್ ವೈದ್ಯೆಯನ್ನು ಕೇಳಿದ ಮೊದಲ ಪ್ರಶ್ನೆ ತಮ್ಮ ಆಯಸ್ಸಿನ ಬಗ್ಗೆ ಆಗಿರಲಿಲ್ಲ.

"ಓಡಿದ್ರಿಂದ ಬಂತಾ ಡಾಕ್ಟ್ರೇ?"

"ಹಾಗೆ ಹೇಳೋದಕ್ಕೆ ಆಧಾರ ಇಲ್ಲ."

"ಬಿಸಿಲಿಂದ?"

"ಬಿಸಿಲಿಂದ ಬರೋದು ಬೇರೆ ಥರ. ನಿಮ್ಮದು ಉಗುರಿನ ಕೆಳಗೆ ಬಂದಿರೋದು. ಇದಕ್ಕೂ ಬಿಸಿಲಿಗೂ ಸಂಬಂಧ ಕಾಣಲ್ಲ."

"ಮತ್ತೆ ಯಾಕೆ ಬಂತು?"

"ಗೊತ್ತಿಲ್ಲ."

ಆಟೋದಲ್ಲಿ ಬರುವಾಗ ಮಿಸ್ ಹೇಳಿದರು: "ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದ್ಲು ನೋಡು. ಒಳ್ಳೆ ಡಾಕ್ಟರು." ಸ್ವಲ್ಪ ದೂರ ಬಂದ ಮೇಲೆ, "ಹುಡುಗೀರಿಗೆ ಏನು ಹೇಳೋಣ ಪೇಪರ್? ಓಡಿ ಓಡಿ ಮಿಸ್‌ಗೆ ಕ್ಯಾನ್ಸರ್ ಬಂತು ಅಂದ್ರೆ ಒಬ್ಬರೂ ಬರಲ್ಲ" ಎಂದರು. ಗುಂಪಿನಲ್ಲಿ ಐವತ್ತೈದು ದಾಟಿದವರೂ ಇದ್ದರು. ಮಿಸ್‌ಗೆ ಎಲ್ಲರೂ ಹುಡುಗಿಯರು.

ಅವರ ಭಯ ನಿಜವಾಯಿತು. ಆಪರೇಷನ್ ಆಗಿ ಮೂರು ವಾರಕ್ಕೆ ಪಾರ್ಕಿಗೆ ಬರುವವರು ನಾಲ್ಕು ಜನ ಉಳಿದರು. ಹೆಂಗಸರನ್ನು ಕಳಿಸದ ಮನೆಗಳನ್ನು ದೂರುವಂತಿರಲಿಲ್ಲ. ಓಡಿಸುತ್ತಿದ್ದವರಿಗೇ ಚರ್ಮದ ಕ್ಯಾನ್ಸರ್ ಬಂದಿತ್ತು. ಓಡುವವರಿಗೆ ಅದೇ ಕ್ಯಾನ್ಸರ್ ಹೆಚ್ಚು ಎಂಬ ಸುದ್ದಿ ಮರಕ್ಕೆ ನೇತಾಡುತ್ತಿತ್ತು. ಅದನ್ನು ಅಚ್ಚು ಹಾಕಿಸಿದವಳು ನಾನು, ತೂಗುಹಾಕಿದವರು ಸ್ವತಃ ಮಿಸ್. ಸುಧಾಳನ್ನು ಕೇಳಿಕೊಂಡು ಅಂಗಡಿಗೆ ಹೋದಾಗ ಕಾಂಡಿಮೆಂಟ್ಸ್ ಅಮ್ಮ ಗೋಡೆಯ ಜೆರಾಕ್ಸಿನ ಮೇಲೆ ಬೆರಳಿಟ್ಟರು.

"ಇದ್ನ ನೀವೇ ಬರ್ದಿರೋದಲ್ವೇನಮ್ಮ? ಓಡೋರ್ಗೇ ಜಾಸ್ತಿ ಅಂತ ಐತೆ. ಓದ್ಕಳಿ."

ಒಳಗೆ ಎಣ್ಣೆಯ ಸದ್ದಿತ್ತು. ಸುಧಾ ಹೊರಗೆ ಬರಲಿಲ್ಲ.

ಅಂದು ಸಂಜೆ ಮಿಸ್‌ ಅವರ ಕೋಣೆಗೆ ಹೋದೆ. ಮಂಚದ ಮೇಲೆ ಕೂತು, ಬ್ಯಾಂಡೇಜಿನ ಕಾಲನ್ನು ಆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಇಟ್ಟಿದ್ದರು. ವಿಶಲ್ಲು ಕುತ್ತಿಗೆಯಲ್ಲಿತ್ತು. ಆ ಸುದ್ದಿಗೆ ಇನ್ನೊಂದು ಪ್ಯಾರಾ ಇತ್ತು ಎಂದು ಹೇಳಿದೆ. ಅದರಲ್ಲಿ ಏನಿತ್ತು ಎನ್ನುವುದನ್ನೂ ಹೇಳಿದೆ.

ಅವರು ಬ್ಯಾಂಡೇಜಿನ ಕಾಲನ್ನು ಸ್ಟೂಲಿನಿಂದ ಕೆಳಗಿಳಿಸಿದರು. ಆಮೇಲೆ ಕೇಳಿದರು.

"ಎಷ್ಟು ಸಾಲು?"

"ಐದು."

"ಯಾಕೆ ತೆಗೆದೆ?"

"ಜಾಹೀರಾತು ಬಂತು. ಸೀರೆ ಸೇಲು."

"ಎಂಥ ಸೀರೆ?"

"ಮೈಸೂರು ಸಿಲ್ಕ್, ಮಿಸ್."

"ಅವತ್ತು ಆ ಐದು ಸಾಲು ಓದಿದ್ದಿದ್ರೆ ನಾನು ಡಾಕ್ಟ್ರ ಹತ್ರ ಹೋಗ್ತಿದ್ನಾ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಅವರೇ ಹೇಳಿದರು: "ಹೋಗ್ತಿದ್ದೆ. ನೀನು ಬರೆದಿರೋದು ಅಂತ ಹೋಗ್ತಿದ್ದೆ."

ಬೈಯಲಿಲ್ಲ. ಪರವಾಗಿಲ್ಲ ಎಂದೂ ಹೇಳಲಿಲ್ಲ. ಮೇಜಿನ ಮೇಲಿದ್ದ ಹಾಜರಿ ಪುಸ್ತಕದಿಂದ ಒಂದು ಹಾಳೆ ಹರಿದು ನನ್ನ ಕೈಗೆ ಕೊಟ್ಟರು.

"ಬರಿ. ಈಗಲೇ. ದಪ್ಪ ಅಕ್ಷರದಲ್ಲಿ ಬರಿ, ಅಂಗಡಿ ಅಮ್ಮಂಗೆ ಕನ್ನಡಕ ಇಲ್ಲ."

ಪತ್ರಿಕೆಯಲ್ಲಿ ಆ ಐದು ಸಾಲನ್ನು ಹಾಕಿಸಲು ನೋಡಿದೆ. ಅಚ್ಚಾದದ್ದರಲ್ಲಿ ತಪ್ಪೇನೂ ಇರಲಿಲ್ಲವಾದ್ದರಿಂದ ತಿದ್ದುಪಡಿಗೆ ಅವಕಾಶವಿಲ್ಲ ಎಂದು ನಮ್ಮ ಮುಖ್ಯಸ್ಥರು ಹೇಳಿದರು. ನಿಯಮದ ಪ್ರಕಾರ ಅದು ಸರಿಯಾಗಿತ್ತು.

ಫೆಬ್ರವರಿಯ ಕೊನೆಯಲ್ಲಿ ಮಿಸ್ ವಾಕರ್ ಹಿಡಿದು ಮೂರನೇ ಕ್ರಾಸಿಗೆ ಹೊರಟರು. ನಾನು ಪಕ್ಕದಲ್ಲಿದ್ದೆ. ಆರು ನಿಮಿಷದ ದಾರಿಗೆ ಅರ್ಧ ಗಂಟೆ ಹಿಡಿಯಿತು. ಅಂಗಡಿಯ ಮುಂದಿನ ಮೆಟ್ಟಿಲ ಮೇಲೆ ಕೂತು, ಕಾಂಡಿಮೆಂಟ್ಸ್ ಅಮ್ಮನನ್ನು ಸ್ಟೂಲಿನಿಂದ ಇಳಿದು ಬರುವಂತೆ ಕರೆದರು. ಅಮ್ಮ ಬಂದು ಎದುರಿಗೆ ನಿಂತರು. ಮಿಸ್ ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ಹೆಬ್ಬೆರಳಿದ್ದ ಜಾಗದಲ್ಲಿ ಹೊಲಿಗೆಯ ಗುರುತಿತ್ತು.

"ಸರಿಯಾಗಿ ನೋಡಿ ಅಮ್ಮ. ಮೂವತ್ತು ವರ್ಷ ಗ್ರೌಂಡಲ್ಲಿ ನಿಂತೆ. ಬಿಸಿಲು ಬಡಿದಿದ್ದು ಈ ಮುಖಕ್ಕೆ, ಈ ಕೈಗೆ. ಮುಖಕ್ಕೆ ಏನಾಗಿದೆ? ಕೈಗೆ ಏನಾಗಿದೆ? ಬಂದಿದ್ದು ಶೂ ಒಳಗಿದ್ದ ಬೆರಳಿಗೆ. ಶೂ ಒಳಗೆ ಯಾವ ಸೂರ್ಯ ಬರ್ತಾನೆ ಹೇಳಿ."

ಅಮ್ಮ ಬಗ್ಗಿ ನೋಡಿದರು. ಮಿಸ್ ನಾನು ಬರೆದ ಹಾಳೆಯನ್ನು ಕೊಟ್ಟರು. ಅಮ್ಮ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿ ಮುಗಿಸಿದರು. ಸುಧಾ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಜಾಲರಿ ಸೌಟು.

"ಓಡೋದು ಬಿಟ್ಟು ಒಂದು ತಿಂಗಳಾಯ್ತು. ಸಕ್ಕರೆ ಎಷ್ಟಿದೆ ಇವಳಿಗೆ?" ಎಂದು ಮಿಸ್ ಕೇಳಿದರು.

"ಏರೈತೆ" ಎಂದರು ಅಮ್ಮ. ಹಾಳೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಒಂದು ಮಾತು ಕೇಳಿದರು.

"ಮಿಸ್ಸೇ, ಇವ್ರೆಲ್ರ ಕಾಲೂ ನೀವ್ ನೋಡ್ತಿದ್ರಿ ಅಂತ ಸುಧಾ ಏಳ್ತಿದ್ಲು. ನಿಮ್ ಕಾಲ್ನ ಯಾರ್ ನೋಡ್ತಿದ್ರು?"

ಮಿಸ್ ತಮ್ಮ ಕಾಲನ್ನೇ ನೋಡಿದರು.

"ಯಾರೂ ಇಲ್ಲ ತಾನೆ? ಅದೇ ನೋಡಿ ಆಗಿರೋದು. ಓಟನೂ ಅಲ್ಲ, ಬಿಸ್ಲೂ ಅಲ್ಲ" ಎಂದು ಅಮ್ಮ ಅಲ್ಲೇ ನೆಲದ ಮೇಲೆ ಕೂತು, ಬಿಚ್ಚಿದ್ದ ಬಟ್ಟೆಯನ್ನು ಮತ್ತೆ ಸುತ್ತತೊಡಗಿದರು. "ಸುಧಾ ಬರ್ತಾಳೆ. ಆದ್ರೆ ಬಾನುವಾರ ನಾನೂ ಬತ್ತೀನಿ. ಓಡೋಕಲ್ಲ. ಮೊದ್ಲು ನಿಮ್ ಕಾಲು ನಾನ್ ನೋಡ್ಬೇಕು, ಆಮ್ಯಾಕೆ ನೀವು ಮಿಕ್ಕೋರ್ದು ನೋಡ್ಕಳಿ. ಒಪ್ತೀರಾ?"

"ನಿಮಗೆ ಕನ್ನಡಕ ಇಲ್ವಲ್ರೀ."

"ಮಾಡಿಸ್ಕಂತೀನಿ."

ಮಾಡಿಸಿಕೊಂಡರು. ಮುಂದಿನ ಭಾನುವಾರ ಆರು ಜನ ಬಂದರು, ಅದರ ಮುಂದಿನ ವಾರ ಒಂಬತ್ತು. ಕೆಲವರು ಮತ್ತೆ ಬರಲೇ ಇಲ್ಲ. ಹೊಂಗೆಮರದಲ್ಲಿದ್ದ ತುಣುಕಿನ ಕೆಳಗೆ ನನ್ನ ಕೈಬರಹದ ಐದು ಸಾಲು ಸೇರಿಸಿ ಹೊಸದಾಗಿ ಲ್ಯಾಮಿನೇಟ್ ಮಾಡಿಸಿದೆವು. ಟೋಪಿ, ತುಂಬುತೋಳಿನ ನಿಯಮವನ್ನು ಮಿಸ್ ಕೈಬಿಡಲಿಲ್ಲ. "ನನಗೆ ಬಿಸಿಲಿಂದ ಬರಲಿಲ್ಲ ಅಂತ ಬಿಸಿಲಿಗೆ ಕ್ಲೀನ್ ಚಿಟ್ ಕೊಡಕ್ಕಾಗಲ್ಲ" ಎನ್ನುತ್ತಿದ್ದರು. ಪದಕ ಎಂಬ ಮಾತು ಮಾತ್ರ ಅವರ ಬಾಯಿಂದ ಮತ್ತೆ ಬರಲಿಲ್ಲ. ಯಾರಿಗಾದರೂ ಉಗುರು ಕಪ್ಪಾದರೆ, ಕಪ್ಪಿನ ಅಂಚಿಗೆ ಬ್ಲೇಡಿನಿಂದ ಸಣ್ಣ ಗೀರು ಹಾಕಿ, ಹಾಜರಿ ಪುಸ್ತಕದಲ್ಲಿ ತಾರೀಕು ಬರೆದಿಡುತ್ತಿದ್ದರು. ಎರಡು ತಿಂಗಳಲ್ಲಿ ಆ ಕಪ್ಪು, ಗೀರಿನ ಜೊತೆ, ಮುಂದೆ ಸರಿದಿರಬೇಕು. ಸರಿಯದಿದ್ದರೆ ವೈದ್ಯೆಯ ಬಳಿಗೆ. ಹಾಗೆ ಮೂವರು ಹೋಗಿ ಬಂದರು. ಮೂವರದ್ದೂ ಹೆಪ್ಪುಗಟ್ಟಿದ ರಕ್ತವೇ ಆಗಿತ್ತು.

ಆ ವರ್ಷವೆಲ್ಲ ಮಿಸ್ ಚಿಕಿತ್ಸೆಗೆ ಹೋಗಿಬರುತ್ತಲೇ ಪರೇಡ್ ನಡೆಸಿದರು. ಸ್ಟೂಲಿನ ಮೇಲೆ ಕೂರುವ ಮೊದಲು ಕಟ್ಟೆಯ ಮೊದಲ ಜಾಗದಲ್ಲಿ ಕೂತು ಎರಡೂ ಕಾಲು ಚಾಚುತ್ತಿದ್ದರು. ಕಾಂಡಿಮೆಂಟ್ಸ್ ಅಮ್ಮ ಹೊಸ ಕನ್ನಡಕ ಏರಿಸಿ ಒಂಬತ್ತು ಬೆರಳನ್ನೂ ಒಂದೊಂದಾಗಿ ಬಿಡಿಸಿ ನೋಡುತ್ತಿದ್ದರು. ಮಿಸ್ ಆತುರ ಮಾಡಿದರೆ ಪಾದದ ಮೇಲೆ ಏಟು.

"ಏಯ್, ಹೊಡೀತೀರೇನ್ರೀ ನನ್ನ!"

"ಸುಮ್ಕೆ ಕೂತ್ಕಳಿ. ಬಾಯ್ನ ಕೇಳ್ತಿಲ್ಲ ನಾನು."

2018ರ ಏಪ್ರಿಲ್‌ನಲ್ಲಿ ಕಾಯಿಲೆ ಶ್ವಾಸಕೋಶಕ್ಕೆ ಹರಡಿರುವುದು ತಿಳಿಯಿತು. ಜೂನ್‌ನಲ್ಲಿ ಅವರು ಮಹಡಿಯಿಂದ ಇಳಿಯುವುದು ನಿಂತಿತು. ಕೋಣೆಯ ಕಿಟಕಿಯಿಂದ ಪಾರ್ಕಿನ ಗೇಟು ಕಾಣುತ್ತಿತ್ತು. ಆರೂಕಾಲಕ್ಕೆ ಅಲ್ಲಿಂದಲೇ ವಿಶಲ್ ಊದಲು ನೋಡುತ್ತಿದ್ದರು; ಉಸಿರು ಸಾಲುತ್ತಿರಲಿಲ್ಲ. ಜುಲೈ ಮೊದಲ ವಾರ ನಾನು ನೋಡಲು ಹೋದಾಗ ವಿಶಲ್ಲನ್ನು ಕುತ್ತಿಗೆಯಿಂದ ತೆಗೆದು ಕೊಟ್ಟರು.

"ಸುಧಾಗೆ ಕೊಡು. ನಿನಗೆ ಬೇಡ. ನೀನು ಎದ್ದೇಳೋದೇ ಲೇಟು."

ಹೊರಡುವಾಗ ಮತ್ತೆ ಕರೆದರು. "ಪೇಪರ್, ಇನ್ಮೇಲೆ ಜಾಗ ಸಾಲದಿದ್ರೆ ಎಲ್ಲಿಂದ ಕತ್ತರಿಸ್ತೀಯಾ?"

"ಮೊದಲು ಪೂರ್ತಿ ಓದ್ತೀನಿ ಮಿಸ್."

"ಹ್ಞೂಂ. ಹೋಗು."

ಜುಲೈ ಮೂರನೇ ವಾರದಲ್ಲಿ ಅವರು ತೀರಿಕೊಂಡರು. ಅರವತ್ತೆಂಟು ವರ್ಷ. ಅಂತ್ಯಕ್ರಿಯೆ ಯಲಹಂಕದಲ್ಲೇ ಆಯಿತು. ಅವರ ಹಳೆಯ ವಿದ್ಯಾರ್ಥಿನಿಯರು ಬಹಳ ಜನ ಬಂದಿದ್ದರು. ಅವರಲ್ಲೊಬ್ಬರು ಸ್ವಲ್ಪ ಕುಂಟುತ್ತಿದ್ದರು. ಅಂಗಾಲಿಗೆ ಗಾಜು ಚುಚ್ಚಿಸಿಕೊಂಡ ಹುಡುಗಿ ತಾವೇ ಎಂದು ಹೇಳಿದರು.

ಇದನ್ನು ಬರೆಯುತ್ತಿರುವುದು 2019ರ ಡಿಸೆಂಬರ್‌ನಲ್ಲಿ. ನಿನ್ನೆ ಭಾನುವಾರ. ಪಾರ್ಕಿಗೆ ಹದಿನಾಲ್ಕು ಜನ ಬಂದಿದ್ದರು. ಆರೂಕಾಲಕ್ಕೆ ಸುಧಾ ವಿಶಲ್ ಊದಿದಳು. ಕೆರೆ ಏರಿಯ ಎರಡು ಸುತ್ತು ಮುಗಿದಾಗ ಏಳು ಗಂಟೆ ಹತ್ತು ನಿಮಿಷ. ಎಲ್ಲರೂ ಹೊಂಗೆಮರದ ಕಟ್ಟೆಯ ಮೇಲೆ ಶೂ ಕಳಚಿ ಕೂತರು. ಕಾಂಡಿಮೆಂಟ್ಸ್ ಅಮ್ಮ ಮೊದಲು ಸೊಸೆಯ ಕಾಲು ನೋಡಿದರು, ಆಮೇಲೆ ಸ್ಟೂಲು ಎಳೆದುಕೊಂಡು ಉಳಿದ ಹದಿಮೂರು ಜನರದ್ದು. ಕೊನೆಗೆ ತಮ್ಮ ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಸುಧಾಳ ಮುಂದೆ ಚಾಚಿದರು.